ಛತ್ರಿ ಫ್ಯಾಕ್ಟರಿಯ ಉತ್ಸವಮೂರ್ತಿ: ‘ಪೊತಿಷ್’ ಸಿನಿಮಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಸಿನಿಮಾ?

2010ರ ಫ್ರೆಂಚ್ ಕಾಮಿಡಿ. ನಿರ್ದೇಶಕ ಫ್ರಾಂಸ್ವಾ ಓಝೋನ್. ಮುಖ್ಯ ಪಾತ್ರದಲ್ಲಿ ಕ್ಯಾಥರೀನ್ ಡೆನ್ಯೂವ್. ಆ ವರ್ಷ ಸೆಪ್ಟೆಂಬರ್‌ನಲ್ಲಿ ವೆನಿಸ್ ಚಿತ್ರೋತ್ಸವದ ಸ್ಪರ್ಧೆಯಲ್ಲಿ ಮೊದಲು ತೋರಿಸಿದರು. ನವೆಂಬರ್ 10ಕ್ಕೆ ಫ್ರಾನ್ಸ್‌ನಲ್ಲಿ ಬಿಡುಗಡೆಯಾಯಿತು. 20 ಲಕ್ಷಕ್ಕೂ ಜಾಸ್ತಿ ಜನ ಅಲ್ಲಿನ ಥಿಯೇಟರ್‌ಗಳಲ್ಲಿ ನೋಡಿದರು. 103 ನಿಮಿಷದ ಸಿನಿಮಾ, ಎಲ್ಲೂ ಎಳೆದಂತೆ ಅನ್ನಿಸುವುದಿಲ್ಲ.

‘ಪೊತಿಷ್’ ಅಂದರೆ ಏನು?

ಫ್ರೆಂಚಿನಲ್ಲಿ ಪೊತಿಷ್ ಅಂದರೆ ಚೀನಾ, ಜಪಾನ್ ಕಡೆಯ ದೊಡ್ಡ ಪಿಂಗಾಣಿ ಹೂಜಿ. ಹಾಲ್‌ನ ಮೂಲೆಯಲ್ಲಿ ಅಂದಕ್ಕೆ ಇಡುತ್ತಾರೆ. ಒಳಗೆ ಏನೂ ಹಾಕುವುದಿಲ್ಲ. ಆಮೇಲೆ ಆ ಮಾತು ಮನುಷ್ಯರಿಗೂ ಅಂಟಿಕೊಂಡಿತು: ದೊಡ್ಡವರ ಪಕ್ಕದಲ್ಲಿ ಚೆನ್ನಾಗಿ ಕಾಣುತ್ತಾ, ನಗುತ್ತಾ, ಬಾಯಿ ಬಿಡದೆ ನಿಲ್ಲುವ ಹೆಂಡತಿ.

ಇಂಗ್ಲಿಷ್‌ನಲ್ಲಿ ಇದನ್ನು ‘ಟ್ರೋಫಿ ವೈಫ್’ ಅಂತ ಕರೆದಿದ್ದಾರೆ. ನನಗದು ಸರಿ ಕಾಣಲ್ಲ. ಟ್ರೋಫಿಯನ್ನು ಗೆದ್ದು ತರಬೇಕು, ಹೂಜಿ ಸುಮ್ನೆ ಇರುತ್ತೆ. ಕನ್ನಡದಲ್ಲಿ ‘ಶೋಕೇಸ್ ಗೊಂಬೆ’ ಅನ್ನಬಹುದು. ಆದರೆ ಅದಕ್ಕಿಂತ ಒಳ್ಳೆಯ ಮಾತು ನಮ್ಮ ಹತ್ತಿರ ಮೊದಲೇ ಇದೆ: ಉತ್ಸವಮೂರ್ತಿ. ಅಲಂಕಾರ, ಮೆರವಣಿಗೆ, ಆರತಿ ಎಲ್ಲಾ ಅದಕ್ಕೇ. ಅಧಿಕಾರ ಮಾತ್ರ ಗರ್ಭಗುಡಿಯಲ್ಲಿ. ಹೆಸರಿಗಷ್ಟೇ ಕುರ್ಚಿಯಲ್ಲಿ ಕೂತ ಅಧ್ಯಕ್ಷರನ್ನು ನಮ್ಮ ಪೇಪರ್‌ನವರು ಹೀಗೇ ಕರೆಯುವುದು. ಈ ಸಿನಿಮಾದಲ್ಲಿ ಆ ಉತ್ಸವಮೂರ್ತಿ ಪಲ್ಲಕ್ಕಿಯಿಂದ ಇಳಿದು ತಾನೇ ನಡೆಯಲು ಶುರು ಮಾಡುತ್ತದೆ. ಹೊತ್ತವರಿಗೆಲ್ಲ ಗಾಬರಿ.

ಕಥೆ ಏನು? ಗುಟ್ಟು ಬಿಟ್ಟುಕೊಡದೆ ಹೇಳಿ.

1977. ಉತ್ತರ ಫ್ರಾನ್ಸ್‌ನ ಒಂದು ಊರು. ಸುಝಾನ್ ಪುಜೋಲ್ ದೊಡ್ಡ ಮನೆಯ ಹೆಂಗಸು. ಗಂಡ ರೊಬೇರ್ ಛತ್ರಿ ಫ್ಯಾಕ್ಟರಿ ನಡೆಸುತ್ತಾನೆ. ಮನೆಯಲ್ಲೂ ಜೋರು, ಫ್ಯಾಕ್ಟರಿಯಲ್ಲೂ ಜೋರು. ಸೆಕ್ರೆಟರಿ ನದೇಜ್ ಜೊತೆ ಸಂಬಂಧ ಬೇರೆ. ಕಾರ್ಮಿಕರು ಮುಷ್ಕರ ಹೂಡಿ ಅವನನ್ನು ಆಫೀಸಿನಲ್ಲೇ ಕೂಡಿ ಹಾಕುತ್ತಾರೆ. ಸುಝಾನ್ ಊರಿನ ಮೇಯರ್, ಸಂಸದ, ಕಮ್ಯುನಿಸ್ಟ್ ನಾಯಕ ಮೋರಿಸ್ ಬಾಬಾನ್ ಹತ್ತಿರ ಸಹಾಯ ಕೇಳಲು ಹೋಗುತ್ತಾಳೆ. ಅವರಿಬ್ಬರ ನಡುವೆ ಒಂದು ಹಳೇ ಕಥೆಯೂ ಇದೆ. ಗಂಡ ಬಿಡುಗಡೆಯಾಗುತ್ತಾನೆ, ಆದರೆ ಎದೆನೋವು. ವಿಶ್ರಾಂತಿಗೆ ಹೊರಡಬೇಕಾಗುತ್ತದೆ. ಫ್ಯಾಕ್ಟರಿ ನೋಡಿಕೊಳ್ಳುವವರು ಯಾರು? ಸದ್ಯಕ್ಕೆ ಇವಳೇ ಕೂತಿರಲಿ, ಉತ್ಸವಮೂರ್ತಿ ತಾನೇ ಅಂತ ಕೂರಿಸುತ್ತಾರೆ.

ಕೂತವಳು ಕೆಲಸ ಶುರು ಮಾಡಿಬಿಡುತ್ತಾಳೆ. ಗಂಡ ವಾಪಸ್ ಬಂದಾಗ ಎದ್ದು ಕುರ್ಚಿ ಬಿಟ್ಟುಕೊಡುವ ಮನಸ್ಸು ಅವಳಿಗಿಲ್ಲ.

ಅಡುಗೆಮನೆ ಬಿಟ್ಟು ಬೇರೇನೂ ಗೊತ್ತಿಲ್ಲದವಳು ಒಮ್ಮೆಗೇ ಫ್ಯಾಕ್ಟರಿ ನಡೆಸುವುದು ನಂಬುವ ಮಾತಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಸಿನಿಮಾದೊಳಗೇ ಇದೆ. ಸಲೀಸಾಗಿ ಹೇಳಿ ಮುಂದೆ ಹೋಗುವುದರಿಂದ ಎಷ್ಟೋ ಜನಕ್ಕೆ ತಪ್ಪಿಹೋಗುತ್ತದೆ: ಆ ಫ್ಯಾಕ್ಟರಿ ಅವಳ ಅಪ್ಪನದು. ರೊಬೇರ್ ಮಾವನ ಗಾದಿ ಮೇಲೆ ಬಂದು ಕೂತ ಅಳಿಯ.

ನಾನು ಇದನ್ನು ಎರಡನೇ ಸಲ ನೋಡಿದ್ದು ಮನೆಯಲ್ಲಿ, ಅಮ್ಮ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ. ಅವರಿಗೆ ಫ್ರೆಂಚೂ ಗೊತ್ತಿಲ್ಲ, ಸಬ್‌ಟೈಟಲ್ ಓದುವ ತಾಳ್ಮೆಯೂ ಇಲ್ಲ. ನಾನು ಆಗಾಗ ಕಥೆ ಹೇಳುತ್ತಿದ್ದೆ. ಫ್ಯಾಕ್ಟರಿ ಅವಳ ತವರಿನದು ಅಂದ ತಕ್ಷಣ ಅಮ್ಮನ ಕೈ ನಿಂತಿತು. “ಅದನ್ನ ಮೊದಲೇ ಹೇಳಬಾರದಾ? ಹಾಗಾದ್ರೆ ಅವಳು ಯಾರದನ್ನೂ ಕಿತ್ಕೊಂಡಿಲ್ಲ, ತನ್ನದನ್ನ ತಾನು ತಗೊಂಡಿದ್ದಾಳೆ” ಅಂದರು. ಸಿನಿಮಾ ಬಗ್ಗೆ ನಾನು ಕೇಳಿದ ಒಳ್ಳೆಯ ವಿಮರ್ಶೆ ಇದೇ.

ಸುಝಾನ್ ಅಪ್ಪ ಕಾರ್ಮಿಕರನ್ನು ಹೆಸರು ಹಿಡಿದು ಕರೆಯುತ್ತಿದ್ದ ಹಳೇ ಕಾಲದ ಯಜಮಾನ. ಮಗಳು ಅದನ್ನು ನೋಡಿ ಬೆಳೆದವಳು. ಬ್ಯಾಲೆನ್ಸ್ ಶೀಟ್ ಓದಲು ಬಾರದೇ ಇರಬಹುದು, ಫ್ಯಾಕ್ಟರಿಯಲ್ಲಿ ಯಾರ ಮನೆಯಲ್ಲಿ ಏನು ಕಷ್ಟ ಅಂತ ಕೇಳುವುದು ಅವಳಿಗೆ ಬರುತ್ತದೆ. ಮಾತುಕತೆಗೆ ಹೊರಟಾಗ ಫರ್ ಕೋಟು, ಒಡವೆ ಹಾಕಿಕೊಳ್ಳುತ್ತಾಳೆ. ಬಡವರ ಮುಂದೆ ಬಡವಳ ವೇಷ ಹಾಕುವ ಆಟ ಅವಳಿಗೆ ಬೇಕಿಲ್ಲ. ಮದುವೆ ಮನೆಗೆ ಹೊರಟವರ ಹಾಗೆ ಅಲಂಕಾರ ಮಾಡಿಕೊಂಡೇ ಹೋಗುತ್ತಾಳೆ.

1977ರಲ್ಲೇ ಯಾಕೆ ಇಟ್ಟಿದ್ದಾರೆ?

ಆ ವರ್ಷ ಫ್ರಾನ್ಸ್ ಒಂದು ಹೊಸ್ತಿಲ ಮೇಲೆ ನಿಂತಿತ್ತು. ಅಧ್ಯಕ್ಷರು ಬಲಪಂಥದ ಜಿಸ್ಕಾರ್ ದೆಸ್ತಾಂ, ಪ್ರಧಾನಿ ರೇಮೋನ್ ಬಾರ್. 1973ರ ತೈಲ ಬಿಕ್ಕಟ್ಟಿನ ಪೆಟ್ಟು ಇನ್ನೂ ಆರಿರಲಿಲ್ಲ, ನಿರುದ್ಯೋಗ ಏರುತ್ತಿತ್ತು. 1977ರ ಮಾರ್ಚ್‌ನ ಸ್ಥಳೀಯ ಚುನಾವಣೆಯಲ್ಲಿ ಎಡಪಕ್ಷಗಳು ಊರೂರು ಗೆದ್ದವು. ಹಾಗಾಗಿ ಬಾಬಾನ್ ತರಹದ ಕಮ್ಯುನಿಸ್ಟ್ ಮೇಯರ್ ಅಂದು ಅಪರೂಪದ ಪ್ರಾಣಿ ಏನಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಸೋಷಿಯಲಿಸ್ಟರು, ಕಮ್ಯುನಿಸ್ಟರ ಮೈತ್ರಿ ಮುರಿದುಬಿತ್ತು. ಮುಂದಿನ ಮಾರ್ಚ್‌ನಲ್ಲಿ ಸಂಸತ್ ಚುನಾವಣೆ, ಬಲಪಂಥವೇ ಉಳಿದುಕೊಂಡಿತು.

ಇಷ್ಟನ್ನೂ ತಿಳಿದುಕೊಂಡು ನೋಡಬೇಕಾ ಅಂದರೆ ಬೇಡ. ಬಾಬಾನ್ ಹೆಗಲು ಕುಗ್ಗಿಸಿಕೊಂಡು ನಡೆಯುವುದನ್ನು ನೋಡಿದರೆ ಸಾಕು, ಅವನ ಪಕ್ಷದ ಒಳ್ಳೇ ದಿನ ಮುಗೀತಾ ಬಂತು ಅನ್ನುವುದು ತಿಳಿಯುತ್ತದೆ.

ಆಗಿನ ಫ್ರಾನ್ಸ್‌ನಲ್ಲಿ ಹೆಂಡತಿಗೆ ನಿಜವಾಗಲೂ ಅಷ್ಟು ಕಡಿಮೆ ಹಕ್ಕಿತ್ತಾ?

ಫ್ರಾನ್ಸ್ ಅಂದರೆ ಸ್ವಾತಂತ್ರ್ಯ, ಸಮಾನತೆ ಅಂತ ಶಾಲೆಯಲ್ಲಿ ಓದಿದವರಿಗೆ ಇದು ಆಶ್ಚರ್ಯವೇ. ಹೆಂಗಸರಿಗೆ ಅಲ್ಲಿ ಮತದಾನದ ಹಕ್ಕು ಸಿಕ್ಕಿದ್ದು 1944ರಲ್ಲಿ. ಮೊದಲ ಸಲ ಮತ ಹಾಕಿದ್ದು 1945ರ ಏಪ್ರಿಲ್‌ನಲ್ಲಿ. ಗಂಡನ ಒಪ್ಪಿಗೆ ಇಲ್ಲದೆ ಮದುವೆಯಾದ ಹೆಂಗಸು ಕೆಲಸಕ್ಕೆ ಸೇರಬಹುದು, ತನ್ನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯಬಹುದು ಅಂತ ಕಾನೂನು ಬಂದಿದ್ದು 1965ರ ಜುಲೈನಲ್ಲಿ. ಅಂದರೆ ಸುಝಾನ್ ಮದುವೆಯಾದ ಕಾಲಕ್ಕೆ ಅದೂ ಇರಲಿಲ್ಲ. ‘ಕುಟುಂಬದ ಯಜಮಾನ ಗಂಡನೇ’ ಅನ್ನುವ ಮಾತು ಕಾನೂನಿನ ಪುಸ್ತಕದಿಂದ ಹೋದದ್ದು 1970ರಲ್ಲಿ. ಗರ್ಭಪಾತಕ್ಕೆ ಕಾನೂನಿನ ಒಪ್ಪಿಗೆ 1975ರ ಜನವರಿಯಲ್ಲಿ, ಇಬ್ಬರೂ ಒಪ್ಪಿ ವಿಚ್ಛೇದನ ಪಡೆಯುವ ಕಾನೂನು ಅದೇ ಜುಲೈನಲ್ಲಿ. ಗಂಡ ಹೆಂಡತಿ ಇಬ್ಬರಿಗೂ ಸೇರಿದ ಆಸ್ತಿಯನ್ನು ನಿಭಾಯಿಸುವುದರಲ್ಲಿ ಇಬ್ಬರೂ ಸಮ ಅಂತ ಆಗಿದ್ದು 1985ರ ಕೊನೆಗೆ. ಸಿನಿಮಾದ ಕಾಲಕ್ಕಿಂತ ಎಂಟು ವರ್ಷ ಆಮೇಲೆ!

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಸಿನಿಮಾದ ಮೊದಲ ಹತ್ತು ನಿಮಿಷ ನೋಡಿ. ರೊಬೇರ್ ಬೆಳಿಗ್ಗೆ ತಿಂಡಿ ತಿನ್ನುವಾಗ, ನಿನ್ನ ಅಭಿಪ್ರಾಯ ಯಾರು ಕೇಳಿದರು ಅನ್ನುವ ಧಾಟಿಯಲ್ಲಿ ಹೆಂಡತಿಯ ಬಾಯಿ ಮುಚ್ಚಿಸುತ್ತಾನೆ. ಅವನು ಬರೀ ಒರಟನಲ್ಲ. ತೀರಾ ಇತ್ತೀಚಿನವರೆಗೂ ಕಾನೂನು ಅವನ ಪಕ್ಕದಲ್ಲೇ ಕೂತು ತಿಂಡಿ ತಿನ್ನುತ್ತಿತ್ತು.

ಯಜಮಾನರನ್ನು ಕೂಡಿ ಹಾಕುವುದು ಅಲ್ಲಿ ನಿಜವಾಗಲೂ ನಡೆಯುತ್ತಾ?

ನಡೆಯುತ್ತೆ. ಸಿನಿಮಾ ಬರುವ ಹಿಂದಿನ ವರ್ಷವೇ, 2009ರ ವಸಂತದಲ್ಲಿ, ಸೋನಿ, 3ಎಂ, ಕ್ಯಾಟರ್‌ಪಿಲ್ಲರ್ ಕಂಪನಿಗಳ ಫ್ರಾನ್ಸ್ ಘಟಕಗಳಲ್ಲಿ ಕೆಲಸ ಹೋಗುವ ಸಿಟ್ಟಿಗೆ ಕಾರ್ಮಿಕರು ಮ್ಯಾನೇಜರುಗಳನ್ನು ರಾತ್ರಿಯೆಲ್ಲ ಒಳಗೇ ಇರಿಸಿಕೊಂಡಿದ್ದರು. 70ರ ದಶಕದಲ್ಲಂತೂ ಇದು ಹೊಸದಲ್ಲ. 1973ರಲ್ಲಿ ಬೆಸಾಂಸೋನ್ ಊರಿನ ಲಿಪ್ ಗಡಿಯಾರ ಫ್ಯಾಕ್ಟರಿಯ ಕಾರ್ಮಿಕರು ಫ್ಯಾಕ್ಟರಿಯನ್ನೇ ಹಿಡಿದುಕೊಂಡು, ತಾವೇ ಗಡಿಯಾರ ಮಾಡಿ ಮಾರಿದರು. ಹಾಗಾಗಿ ಫ್ರೆಂಚರಿಗೆ ಈ ದೃಶ್ಯ ನೋಡಿ ‘ಅಯ್ಯೋ ಹೀಗೂ ಉಂಟಾ’ ಅನ್ನಿಸಿಲ್ಲ. ‘ಓ, ಇದಾ’ ಅಂತ ನಕ್ಕರು.

ಊರು ನಿಜವಾದದ್ದಾ?

ಅಲ್ಲ. ಸೈಂಟ್ ಗುಡುಲ್ ಅನ್ನುವುದು ಕಲ್ಪನೆಯ ಊರು. ಆದರೆ ಗುಡುಲ್ ಅನ್ನುವ ಸಂತಳು ಬ್ರಸೆಲ್ಸ್ ನಗರದ ಕಾವಲು ದೇವತೆ, ಅಲ್ಲಿನ ದೊಡ್ಡ ಚರ್ಚು ಅವಳ ಹೆಸರಲ್ಲೂ ಇದೆ. ಸಿನಿಮಾದ ಚಿತ್ರೀಕರಣ ಬಹುಪಾಲು ಆಗಿದ್ದು ಬೆಲ್ಜಿಯಂನಲ್ಲೇ.

ಛತ್ರಿ ಫ್ಯಾಕ್ಟರಿನೇ ಯಾಕೆ?

ಈ ಸಿನಿಮಾ ಒಂದು ನಾಟಕದಿಂದ ಬಂದದ್ದು, ಆ ಮೂಲ ನಾಟಕದಲ್ಲೇ ಛತ್ರಿ ಇತ್ತು. ಅದು ಓಝೋನ್‌ಗೆ ಸಿಕ್ಕ ಲಾಟರಿ. ಯಾಕೆಂದರೆ 1964ರಲ್ಲಿ ಡೆನ್ಯೂವ್ ಅವರನ್ನು ತಾರೆ ಮಾಡಿದ್ದು ಜಾಕ್ ದೆಮಿ ಅವರ ‘ಶೆರ್‌ಬೂರಿನ ಛತ್ರಿಗಳು’. ಅದರಲ್ಲಿ ಅವರು ಛತ್ರಿ ಅಂಗಡಿಯವಳ ಮಗಳು. ಪ್ರತಿ ಮಾತನ್ನೂ ಹಾಡಿನಲ್ಲೇ ಹೇಳುವ ಆ ಸಿನಿಮಾಕ್ಕೆ ಕಾನ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿಯೇ ಬಂತು. 46 ವರ್ಷ ಆದ ಮೇಲೆ ಅದೇ ಡೆನ್ಯೂವ್ ಛತ್ರಿ ಫ್ಯಾಕ್ಟರಿಯ ಯಜಮಾನಿ. ಅಂಗಡಿ ಹುಡುಗಿಗೆ ಬಡ್ತಿ ಸಿಕ್ಕ ಹಾಗೆ.

ಸುಝಾನ್ ಬಂದ ಮೇಲೆ ಛತ್ರಿಗಳೂ ಬದಲಾಗುತ್ತವೆ. ಮಗ ಲೊರಾಂ ಚಿತ್ರಕಲೆ ಹುಚ್ಚಿನವನು. ಕ್ಯಾಂಡಿನ್‌ಸ್ಕಿಯ ಚಿತ್ರಗಳ ಬಣ್ಣ ನೋಡಿ ಹೊಸ ಡಿಸೈನ್ ಮಾಡುತ್ತಾನೆ. ಕಪ್ಪು, ಬೂದು ಛತ್ರಿಗಳ ನಡುವೆ ಹಳದಿ, ಕೆಂಪು ವೃತ್ತಗಳು ಬಿಚ್ಚಿಕೊಳ್ಳುವುದನ್ನು ನೋಡಲು ಖುಷಿ.

ಇನ್ನೊಂದು ಮಾತು, ಇದು ಕನ್ನಡದವರಿಗೆ ಮಾತ್ರ ಸಿಗುವ ಬೋನಸ್. ‘ಅವನೊಬ್ಬ ಛತ್ರಿ’ ಅಂದರೆ ಏನರ್ಥ ಅಂತ ನಮಗೆ ಗೊತ್ತಲ್ಲ. ಈ ಮನೆಯಲ್ಲಿ ಫ್ಯಾಕ್ಟರಿ ಒಳಗೆ ತಯಾರಾಗುವುದಕ್ಕಿಂತ ಹೊರಗೆ ಓಡಾಡುವ ಛತ್ರಿಗಳೇ ಜಾಸ್ತಿ. ಸುಝಾನ್ ಕೂಡ ಅದರಲ್ಲಿ ಒಬ್ಬಳು, ಅದೇ ಮಜಾ.

ಮೂಲ ನಾಟಕ ಯಾವುದು?

ಅದೇ ಹೆಸರಿನ ನಾಟಕ. ಬರೆದವರು ಪಿಯೆರ್ ಬಾರಿಯೆ ಮತ್ತು ಜ್ಯಾಂ-ಪಿಯೆರ್ ಗ್ರೆದಿ ಜೋಡಿ. 1980ರಲ್ಲಿ ಪ್ಯಾರಿಸ್‌ನ ಆಂತ್ವಾನ್ ಥಿಯೇಟರ್‌ನಲ್ಲಿ ಆಡಿದರು. ಸುಝಾನ್ ಆಗಿದ್ದವರು ಜಾಕ್ಲೀನ್ ಮಯಾಂ, ಆ ಕಾಲದ ಹೆಸರಾಂತ ಹಾಸ್ಯ ನಟಿ. ಇಂಥ ನಾಟಕಗಳಿಗೆ ಪ್ಯಾರಿಸ್‌ನಲ್ಲಿ ‘ಬುಲ್ವಾರ್’ ಅನ್ನುತ್ತಾರೆ. ಬಾಗಿಲು ತೆಗೆದರೆ ಪ್ರೇಮಿ, ಬೀರು ತೆಗೆದರೆ ಗಂಡ, ಮಾತಿಗೊಂದು ನಗು. ಪಂಡಿತರು ಮೂಗು ಮುರಿಯುತ್ತಾರೆ, ಜನ ಟಿಕೆಟ್ ತಗೊಳ್ಳುತ್ತಾರೆ. ನಮ್ಮ ಕಂಪನಿ ನಾಟಕಗಳ ಹಣೆಬರಹವೂ ಇದೇ ಅಲ್ವಾ?

ಓಝೋನ್ ಆ ಗದ್ದಲವನ್ನು ಹಾಗೇ ಉಳಿಸಿಕೊಂಡು, ಕೊನೆಯ ಭಾಗದ ರಾಜಕೀಯವನ್ನು ಬೆಳೆಸಿದ್ದಾರೆ. ಅವರಿಗೆ ನೆಪ ಸಿಕ್ಕಿದ್ದು 2007ರ ಅಧ್ಯಕ್ಷೀಯ ಚುನಾವಣೆ. ಸೆಗೊಲೆನ್ ರೊಯಾಲ್ ಎರಡನೇ ಸುತ್ತಿಗೆ ಬಂದ ಮೊದಲ ಮಹಿಳೆ. ಎದುರಾಳಿ ನಿಕೊಲಾ ಸಾರ್ಕೋಝಿ. ‘ಜಾಸ್ತಿ ಸಂಪಾದಿಸಲು ಜಾಸ್ತಿ ದುಡಿಯಿರಿ’ ಅನ್ನುವುದು ಸಾರ್ಕೋಝಿ ಘೋಷಣೆ. 1977ರ ರೊಬೇರ್ ಬಾಯಲ್ಲಿ ಅದೇ ಮಾತು ಬಂದಾಗ ಥಿಯೇಟರ್‌ನಲ್ಲಿದ್ದ ಫ್ರೆಂಚರಿಗೆ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

ನಟನೆ ಹೇಗಿದೆ?

ಡೆನ್ಯೂವ್ ಬಗ್ಗೆ ಹೇಳಲು ಸಿನಿಮಾದ ಮೊದಲ ದೃಶ್ಯವೇ ಸಾಕು. ಕೆಂಪು ಟ್ರ್ಯಾಕ್‌ಸೂಟ್, ತಲೆಯಲ್ಲಿ ಕೂದಲು ಸುರುಳಿ ಮಾಡುವ ಕರ್ಲರ್‌ಗಳು. ಕಾಡಿನ ದಾರಿಯಲ್ಲಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ಓಡುತ್ತಾ ಬರುತ್ತಾರೆ. ಜಿಂಕೆಗೆ ನಗು, ಅಳಿಲಿಗೆ ನಗು. ಪೊದೆಯ ಪಕ್ಕ ಎರಡು ಮೊಲ ತಮ್ಮ ಪಾಡಿಗೆ ಸಂಸಾರ ಮಾಡುತ್ತಿರುತ್ತವೆ, ಅದನ್ನೂ ನೋಡುತ್ತಾರೆ. ಆಮೇಲೆ ಪುಟ್ಟ ಪುಸ್ತಕ ತೆಗೆದು ಅಳಿಲಿನ ಮೇಲೆ ಪದ್ಯ ಬರೆಯುತ್ತಾರೆ. ಪದ್ಯ ಚೆನ್ನಾಗಿಲ್ಲ, ಚೆನ್ನಾಗಿರಬಾರದು ಕೂಡ. ಆದರೆ ಬರೆಯುವಾಗಿನ ಆ ಮುಖ ನೋಡಿ: ಒಳಗೆ ಯಾರೋ ಇದ್ದಾರೆ, ಹೂಜಿ ಖಾಲಿ ಇಲ್ಲ. ಫ್ರಾನ್ಸ್‌ನ ದೊಡ್ಡ ಸಿನಿಮಾ ಪ್ರಶಸ್ತಿಯಾದ ಸೆಝಾರ್‌ಗೆ ಅತ್ಯುತ್ತಮ ನಟಿ ಅಂತ ನಾಮನಿರ್ದೇಶನವಾಯಿತು. ಸಿನಿಮಾ ಬ್ರಿಟನ್‌ನ ಬಾಫ್ಟಾ ಪ್ರಶಸ್ತಿಯ ಪಟ್ಟಿಯಲ್ಲೂ ಇತ್ತು.

ಫಾಬ್ರಿಸ್ ಲುಕಿನಿ ರೊಬೇರ್ ಪಾತ್ರದಲ್ಲಿ ಸದಾ ಕುದಿಯುವ ಪ್ರೆಶರ್ ಕುಕ್ಕರ್. ನನಗೆ ತುಂಬಾ ಇಷ್ಟವಾದವರು ನದೇಜ್ ಆಗಿರುವ ಕರಿನ್ ವಿಯಾರ್. ಯಜಮಾನನ ಗೆಳತಿಯಾಗಿದ್ದ ಸೆಕ್ರೆಟರಿ ನಿಧಾನಕ್ಕೆ ಯಜಮಾನಿಯ ಕಡೆ ವಾಲುವುದನ್ನು ಭಾಷಣ ಇಲ್ಲದೆ ತೋರಿಸುತ್ತಾರೆ. ಹೆಂಡತಿ, ಸವತಿ ಒಂದಾದರೆ ಗಂಡನ ಗತಿ ಏನು, ಊಹಿಸಿ. ಮಗನಾಗಿ ಬೆಲ್ಜಿಯಂನ ಜೆರೆಮಿ ರೆನಿಯೆ. ಸ್ಪ್ಯಾನಿಷ್ ನಟ ಸೆರ್ಜಿ ಲೋಪೆಜ್ ಲಾರಿ ಡ್ರೈವರ್ ಆಗಿ ಸ್ವಲ್ಪ ಹೊತ್ತು ಬಂದು ಹೋಗುತ್ತಾರೆ.

ದೆಪಾರ್ದ್ಯು ಇದ್ದಾರಲ್ಲ, ಈಗ ನೋಡಲು ಕಸಿವಿಸಿ ಆಗುವುದಿಲ್ಲವಾ?

ಆಗುತ್ತೆ. ಬಾಬಾನ್ ಪಾತ್ರ ಮಾಡಿರುವುದು ಜೆರಾರ್ ದೆಪಾರ್ದ್ಯು. ನಿರ್ದೇಶಕ ತ್ರುಫೋ ಅವರ 1980ರ ಸಿನಿಮಾದಿಂದಲೂ ಡೆನ್ಯೂವ್ ಜೊತೆ ಅವರದು ಹೆಸರಾದ ಜೋಡಿ. ‘ಬಾದಾಬೂಮ್’ ಅನ್ನುವ ನೈಟ್‌ಕ್ಲಬ್‌ನಲ್ಲಿ ಇಬ್ಬರೂ ಕುಣಿಯುವ ದೃಶ್ಯಕ್ಕೆ ಜನ ಕರಗಿದ್ದೇ ಆ ಹಳೇ ನೆನಪಿಗೆ. ಆದರೆ 2025ರ ಮೇನಲ್ಲಿ ಪ್ಯಾರಿಸ್ ನ್ಯಾಯಾಲಯ ಬೇರೊಂದು ಸಿನಿಮಾದ ಸೆಟ್‌ನಲ್ಲಿ ಇಬ್ಬರು ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದಕ್ಕೆ ಅವರಿಗೆ 18 ತಿಂಗಳ ಅಮಾನತು ಜೈಲು ಶಿಕ್ಷೆ (ಅಂದರೆ ಸದ್ಯಕ್ಕೆ ಜೈಲಿಗೆ ಹೋಗಬೇಕಿಲ್ಲ) ಕೊಟ್ಟಿತು. ಅವರು ಮೇಲ್ಮನವಿ ಹಾಕಿದರು.

ವಿಚಿತ್ರ ನೋಡಿ, ಇದೇ ‘ಪೊತಿಷ್’ನಲ್ಲಿ ಸುಝಾನ್ ಮಗಳು ಜೊಯೆಲ್ ಆಗಿರುವವರು ಜುಡಿತ್ ಗೊಡ್ರೆಶ್. 2024ರ ಸೆಝಾರ್ ಸಮಾರಂಭದಲ್ಲಿ ವೇದಿಕೆ ಮೇಲೆ ನಿಂತು, ಫ್ರೆಂಚ್ ಚಿತ್ರರಂಗ ಹೆಣ್ಣುಮಕ್ಕಳ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದನ್ನು ನೇರವಾಗಿ ಪ್ರಶ್ನಿಸಿದವರು ಅವರೇ. ‘ಪೊತಿಷ್’ನಲ್ಲಿ ಅವರ ಪಾತ್ರ ಅಮ್ಮನನ್ನು ಹೂಜಿ ಅಂತ ಹೀಯಾಳಿಸಿ, ಕೊನೆಗೆ ಅಪ್ಪನ ಕಡೆಗೇ ವಾಲುವ ಮಗಳದು. ಇದೆಲ್ಲ ಗೊತ್ತಿದ್ದು ನೋಡಿದರೆ ಸಿನಿಮಾ ಬೇರೆ ತರಹ ಕಾಣುತ್ತದೆ. ನೋಡಬೇಕೋ ಬೇಡವೋ ನಿಮಗೆ ಬಿಟ್ಟದ್ದು.

ಎಲ್ಲಾ ಯಾಕೆ ಹಳೇ ಜಾಹೀರಾತಿನ ಹಾಗೆ ಥಳಥಳ ಅನ್ನುತ್ತೆ?

ಬೇಕಂತಲೇ. ತೆರೆಯನ್ನು ಎರಡು, ಮೂರು ಭಾಗ ಮಾಡಿ ತೋರಿಸುವ ಶೈಲಿ, ಕಿತ್ತಳೆ, ಕಂದು ಬಣ್ಣ, ಹೂ ಹೂ ವಾಲ್‌ಪೇಪರ್, ದಪ್ಪ ಟೆಲಿಫೋನು. ಎಲ್ಲವೂ 70ರ ದಶಕದ ಟೀವಿಯ ಅಣಕ. ಸಂಗೀತ ಫಿಲಿಪ್ ರೊಂಬಿ ಅವರದು.

ಇದು ಸ್ತ್ರೀವಾದಿ ಸಿನಿಮಾನಾ?

ಹೌದು ಅಂತಲೂ ಜಗಳ ಆಡಬಹುದು, ಅಲ್ಲ ಅಂತಲೂ. ಡೆನ್ಯೂವ್ ಹಿನ್ನೆಲೆ ನೋಡಿದರೆ ಹೌದು. ಗರ್ಭಪಾತ ಅಪರಾಧವಾಗಿದ್ದ 1971ರಲ್ಲಿ, ತಾವೂ ಮಾಡಿಸಿಕೊಂಡಿದ್ದೇವೆ ಅನ್ನುವ ಬಹಿರಂಗ ಹೇಳಿಕೆಗೆ ಸಹಿ ಹಾಕಿದ 343 ಮಹಿಳೆಯರಲ್ಲಿ ಅವರೂ ಒಬ್ಬರು. ಆದರೆ ಸುಝಾನ್ ಯಾವ ಸಿದ್ಧಾಂತವನ್ನೂ ಓದಿದವಳಲ್ಲ. ಫ್ಯಾಕ್ಟರಿಯನ್ನು ಅವಳು ನಡೆಸುವುದು ದೊಡ್ಡ ಅವಿಭಕ್ತ ಕುಟುಂಬದ ಹಿರಿಯಕ್ಕನ ಹಾಗೆ. ಎಲ್ಲರನ್ನೂ ವಿಚಾರಿಸುತ್ತಾಳೆ, ಬೀಗದ ಕೈ ಮಾತ್ರ ಸೊಂಟದಲ್ಲೇ. ಕಾರ್ಮಿಕರಿಗೆ ಸಂಬಳ ಸರಿಮಾಡುತ್ತಾಳೆ, ಷೇರು ಹಂಚುವುದಿಲ್ಲ. ಅವಳಿಗೆ ಅಪ್ಪನ ಆಸ್ತಿ ಇರದಿದ್ದರೆ ಏನಾಗುತ್ತಿತ್ತು? ನದೇಜ್ ಹಾಗೆ ಇನ್ನೊಬ್ಬರ ಕೈಕೆಳಗೇ ಇರುತ್ತಿದ್ದಳು. ಸಿನಿಮಾ ಈ ಪ್ರಶ್ನೆಯನ್ನು ಜೋರಾಗಿ ಕೇಳುವುದಿಲ್ಲ. ನನ್ನ ದೂರು ಅದೊಂದೇ.

ಒಂದು ವಿಷಯದಲ್ಲಿ ಮಾತ್ರ ಓಝೋನ್‌ಗೆ ಪೂರ್ತಿ ಅಂಕ. ಸುಝಾನ್‌ಗೆ ದೇವತೆಯ ಪಟ್ಟ ಕಟ್ಟಿಲ್ಲ. ಗಂಡ ಕಚ್ಚೆಹರುಕ ಅಂತ ನಾವು ಬೈಯುತ್ತಿರುವಾಗಲೇ ಇವಳ ಹಳೇ ಕಥೆಗಳು ಒಂದೊಂದಾಗಿ ಹೊರಬರುತ್ತವೆ. ಲೊರಾಂನ ಅಪ್ಪ ಯಾರು ಅನ್ನುವ ಪ್ರಶ್ನೆಗೆ ಊರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬೆವರುತ್ತಾರೆ.

ಮನೆಯವರ ಜೊತೆ ನೋಡಬಹುದಾ?

ದೊಡ್ಡವರ ಜೊತೆ ಧಾರಾಳವಾಗಿ. ಅಮೆರಿಕದಲ್ಲಿ ಆರ್ ರೇಟಿಂಗ್ (17 ತುಂಬದವರು ದೊಡ್ಡವರ ಜೊತೆ ಮಾತ್ರ ನೋಡಬೇಕು) ಕೊಟ್ಟಿದ್ದಾರೆ. ತೋರಿಸುವುದಕ್ಕಿಂತ ಆಡುವ ಮಾತೇ ಜಾಸ್ತಿ. ಆ ಮೊಲಗಳ ವಿಷಯ ಮೊದಲೇ ಹೇಳಿದ್ದೇನೆ.

ಕೊನೆಗೆ ಏನಾಗುತ್ತೆ? (ನೋಡದವರು ಇಲ್ಲಿಗೇ ನಿಲ್ಲಿಸಿ.)

ಗಂಡ ವಾಪಸ್ ಬರುತ್ತಾನೆ, ಷೇರುದಾರರ ಮತಕ್ಕೆ ಹಾಕುತ್ತಾರೆ. ತವರಿನ ಆಸ್ತಿ, ಕಾರ್ಮಿಕರ ಪ್ರೀತಿ ಎಲ್ಲ ಇದ್ದರೂ ಸ್ವಂತ ಮಗಳ ಮತ ಅಪ್ಪನ ಕಡೆ ಬೀಳುತ್ತದೆ. ಸುಝಾನ್ ಕುರ್ಚಿ ಕಳೆದುಕೊಳ್ಳುತ್ತಾಳೆ. ಆಗ ಅವಳು ಮಾಡುವುದು, ಸಂಸತ್ ಚುನಾವಣೆಗೆ ನಿಲ್ಲುವುದು. ಎದುರಾಳಿ ಬಾಬಾನ್. ಗೆಲ್ಲುವುದು ಇವಳೇ. ನಿಜವಾದ 1978ರ ಚುನಾವಣೆಯಲ್ಲಿ ಗೆದ್ದು ಬಂದ ಮಹಿಳೆಯರು ಇಡೀ ಸಂಸತ್ತಿನಲ್ಲಿ ಸುಮಾರು ಶೇ. 4 ಅಷ್ಟೇ. ಅದನ್ನು ನೆನೆದರೆ ಈ ಗೆಲುವು ಕಾಲ್ಪನಿಕ ಕಥೆಯಲ್ಲೂ ಸಣ್ಣದಲ್ಲ.

ಕೊನೆಯಲ್ಲಿ ಅವಳು ಹಾಡುವ ಹಾಡು ಯಾವುದು?

‘ಸೆ ಬೋ ಲಾ ವಿ’, ಬದುಕು ಎಷ್ಟು ಚಂದ ಅಂತ. 1963ರ ಹಾಡು. ಗಾಯಕಿ ಇಸಬೆಲ್ ಓಬ್ರೆ ಕಾರು ಅಪಘಾತದಲ್ಲಿ ಸಾವಿನ ಬಾಗಿಲು ತಟ್ಟಿ ಬಂದಿದ್ದರು. ಅವರಿಗಾಗಿ ಹುಟ್ಟಿದ ಈ ಹಾಡಿಗೆ ರಾಗ ಹಾಕಿದವರು ಜ್ಯಾಂ ಫೆರಾ. ಸಿನಿಮಾ ಬಿಡುಗಡೆಯಾದ ವರ್ಷವೇ, ಮಾರ್ಚ್‌ನಲ್ಲಿ, ಅವರು ತೀರಿಕೊಂಡರು.

ಫೆರಾ ಜೀವನವಿಡೀ ಕಮ್ಯುನಿಸ್ಟ್ ಪಕ್ಷಕ್ಕೆ ಹತ್ತಿರ ಇದ್ದವರು. ಸುಝಾನ್ ಫ್ಯಾಕ್ಟರಿ ಯಜಮಾನಿ. ಗೆದ್ದ ರಾತ್ರಿ, ಜನರ ನಡುವೆ ನಿಂತು, ಸೋತ ಬಾಬಾನ್ ಕಡೆಯವರ ಹಾಡನ್ನು ತನ್ನದೇ ಅನ್ನುವಷ್ಟು ಸಲೀಸಾಗಿ ಹಾಡುತ್ತಾಳೆ. ಪಕ್ಕಾ ಛತ್ರಿ.